ಮೊರೇರ ಮನೆಯ ಕಲ್ಲುಗುಪ್ಪೆ

ನಮ್ಮೂರ ಬಡಗಣ ದಿಕ್ಕಿಗೆ, ಗುಡ್ಡದ ಬುಡದಲ್ಲಿ, ನಮ್ಮದೊಂದು ಮಸಾರಿ ಹೊಲವಿದೆ. ನಾನು ಹುಡುಗನಾಗಿದ್ದಾಗ ಅದರಲ್ಲಿ ಮೂರು ಕಲ್ಲುಗುಪ್ಪೆಗಳಿದ್ದುವು. ದೂರದಿಂದ ನೋಡಿದವರಿಗೆ ಅವು ಹೊಲ ಹಸನು ಮಾಡುವಾಗ ಆರಿಸಿ ಒಟ್ಟಿದ ಕಲ್ಲುಗಳಂತೆಯೇ ಕಾಣುತ್ತಿದ್ದುವು. ಹತ್ತಿರ ಹೋದಾಗ ಮಾತ್ರ, ಗುಪ್ಪೆಯ ಸುತ್ತ ದೊಡ್ಡ ಗುಂಡುಗಳನ್ನು ಬಳೆಯಂತೆ ಜೋಡಿಸಿರುವುದು ಕಣ್ಣಿಗೆ ಬೀಳುತ್ತಿತ್ತು. ನಮ್ಮ ಅಜ್ಜಿ ಆ ಗುಪ್ಪೆಗಳನ್ನು ದಾಟಿ ಹೋಗುತ್ತಿರಲಿಲ್ಲ, ಬಳಸಿ ಹೋಗುತ್ತಿದ್ದಳು. ನಾವು ಹುಡುಗರು ಅವುಗಳ ಮೇಲೆ ಹತ್ತಿದರೆ, “ಇಳೀರೋ, ಅದು ಮೊರೇರ ಮನಿ, ಮಂದಿ ಮನಿ ಮ್ಯಾಲೆ ಹತ್ತಬಾರದು” ಎಂದು ಗದರುತ್ತಿದ್ದಳು. ಎಳ್ಳಮಾಸಿಯ ದಿನ ಹೊಲದಲ್ಲಿ ಚರಗ ಚೆಲ್ಲುವಾಗ ಒಂದೊಂದು ಹಿಡಿಯನ್ನು ಆ ಗುಪ್ಪೆಗಳ ಕಡೆಗೂ ಚೆಲ್ಲುತ್ತಿದ್ದಳು. ಮೊರೇರು ಎಂದರೆ ಯಾರು ಎಂದು ಕೇಳಿದ್ದಕ್ಕೆ, ಬಲು ಹಿಂದಿನ ಕಾಲದ ಗಿಡ್ಡ ಜನರೆಂದೂ, ಮೋಟುಗೈಯವರಾದರೂ ಆನೆಯ ಬಲದವರೆಂದೂ, ಬೆಂಕಿಯ ಮಳೆ ಬೀಳುತ್ತದೆಂದು ತಿಳಿದು ಕಲ್ಲಿನ ಮನೆ ಕಟ್ಟಿಕೊಂಡು ಒಳಗೆ ಸೇರಿದವರು ಹೊರಗೆ ಬರಲೇ ಇಲ್ಲವೆಂದೂ ಹೇಳಿದ್ದಳು.

ಅಜ್ಜಿ ತೀರಿಕೊಂಡ ಎರಡನೆಯ ವರ್ಷ ನಮ್ಮ ದೊಡ್ಡಪ್ಪ ಹೊಲಕ್ಕೆ ಬದು ಹಾಕಿಸಿದರು. ಬದುವಿಗೆ ಕಲ್ಲು ಬೇಕಾಯಿತು. ಕಲ್ಲು ಹೊಲದಲ್ಲೇ ಇತ್ತು. ಒಂದು ಗುಪ್ಪೆಯ ಕಲ್ಲನ್ನೆಲ್ಲ ಎತ್ತಿದ ಮೇಲೆ ಕೆಳಗೊಂದು ಹಾಸುಬಂಡೆ ಕಂಡಿತು. ಹಾರೆ ಹಾಕಿ ಅದನ್ನು ಸರಿಸುವ ಹೊತ್ತಿಗೆ ಊರ ಅರ್ಧ ಜನ ಅಲ್ಲಿ ನೆರೆದಿದ್ದರು. ಎಲ್ಲರ ಮನಸ್ಸಿನಲ್ಲಿದ್ದದ್ದು ಒಂದೇ ಮಾತು, ಬಂಗಾರ. ಸಿಕ್ಕಿದ್ದು ಬೂದಿಬಣ್ಣದ ಮಣ್ಣು, ಎಲುಬಿನ ಚೂರುಗಳು, ತುಕ್ಕು ತಿಂದ ಕಬ್ಬಿಣದ ಒಂದು ತುಂಡು, ಐದಾರು ಮಡಕೆ. ಜನ ನಕ್ಕು ಮನೆಗೆ ಹೋದರು. ಒಂದು ಮಡಕೆ ನಮ್ಮ, ಎಂದರೆ ಹುಡುಗರ, ಪಾಲಿಗೆ ಬಂತು. ಅದನ್ನು ಹೊಸ ಬದುವಿನ ಮೇಲಿಟ್ಟು ಇಪ್ಪತ್ತು ಹೆಜ್ಜೆ ದೂರದಿಂದ ಕಲ್ಲೆಸೆಯುವ ಪಂದ್ಯ ಹೂಡಿದೆವು. ಗೆದ್ದವನು ನಾನು. ಒಡೆದ ಹೋಳುಗಳನ್ನು ಆರಿಸಿ ನೋಡಿದಾಗ ಹೊರಮೈ ಕೆಂಪಾಗಿ, ಒಳಮೈ ಕಪ್ಪಾಗಿ, ಎರಡೂ ಎಣ್ಣೆ ಸವರಿದಂತೆ ಹೊಳೆಯುತ್ತಿದ್ದದ್ದು ಇಂದಿಗೂ ನೆನಪಿದೆ. ಇಂಥ ಮಡಕೆಯನ್ನು ನಮ್ಮೂರ ಕುಂಬಾರ ಮಾಡುವುದಿಲ್ಲವಲ್ಲ ಎಂಬ ಒಂದು ಯೋಚನೆ ಕ್ಷಣಕಾಲ ಸುಳಿದು ಹೋಯಿತು. ಅಷ್ಟೇ.

ಹತ್ತು ಹನ್ನೆರಡು ವರ್ಷಗಳ ಮೇಲೆ ಎಂ.ಎ. ತರಗತಿಯಲ್ಲಿ ಓದುತ್ತಿದ್ದಾಗ ನಮ್ಮ ಶಾಸನದ ಅಧ್ಯಾಪಕರು ನಮ್ಮನ್ನೊಂದು ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದರು. ಅಲ್ಲಿ ಗಾಜಿನ ಹಿಂದೆ ನಾನೊಡೆದ ಮಡಕೆಯ ಒಡಹುಟ್ಟು ಕುಳಿತಿತ್ತು. ಕೆಳಗಿನ ಚೀಟಿಯಲ್ಲಿ, ಕಪ್ಪು–ಕೆಂಪು ಮಡಕೆ, ಬೃಹತ್ ಶಿಲಾ ಸಂಸ್ಕೃತಿ, ಎಂದು ಬರೆದಿತ್ತು. ಆ ದಿನ ನನಗಾದ ನಾಚಿಕೆಯೇ ಈ ಲೇಖನದ ಮೂಲ.

ಕನ್ನಡ ಕಲಿಸುವವನಿಗೆ ಗೋರಿಗಳ ಗೊಡವೆ ಏತಕ್ಕೆ ಎಂದು ವಾಚಕರು ಕೇಳಬಹುದು. ನಮ್ಮ ಪಾಠ ಆರಂಭವಾಗುವುದು ಹಲ್ಮಿಡಿಯ ಕಲ್ಲಿನಿಂದ, ಎಂದರೆ ಕ್ರಿಸ್ತಶಕ ಐದನೆಯ ಶತಮಾನದ ನಡುವಿನಿಂದ. ಅಕ್ಷರ ಬಂದ ಮೇಲಿನ ಸಾವುಗಳಿಗೆ ನಮ್ಮಲ್ಲಿ ವೀರಗಲ್ಲುಂಟು, ನಿಸಿದಿಯುಂಟು. ಯಾರು ಸತ್ತರು, ಏಕೆ ಸತ್ತರು, ಯಾರು ಕಲ್ಲು ನಿಲ್ಲಿಸಿದರು ಎಂಬುದೆಲ್ಲ ಬರೆದಿರುತ್ತದೆ. ಅಕ್ಷರಕ್ಕೆ ಮುಂಚೆ ಇದೇ ನೆಲದ ಮೇಲೆ ಉತ್ತು, ಬಿತ್ತು, ಸತ್ತವರು ತಮ್ಮ ಹೆಸರನ್ನು ಎಲ್ಲಿಯೂ ಬರೆದಿಡಲಿಲ್ಲ. ಅವರು ಬಿಟ್ಟುಹೋದ ಬರಹವೆಂದರೆ ಈ ಗುಪ್ಪೆಗಳೇ. ಯಾವ ಮಡಕೆಯ ಪಕ್ಕದಲ್ಲಿ ಯಾವ ಎಲುಬು, ಯಾವ ದಿಕ್ಕಿಗೆ ಬಾಗಿಲು, ಎಷ್ಟು ಆಳದಲ್ಲಿ ಕಬ್ಬಿಣ ಎಂಬ ಹೊಂದಿಕೆಯೇ ಅಲ್ಲಿನ ವಾಕ್ಯರಚನೆ. ಮಡಕೆಯನ್ನು ಹೊರಗೆ ತೆಗೆದೊಡನೆ ವಾಕ್ಯ ಮುರಿಯುತ್ತದೆ. ಅದು ಗಾಜಿನ ಹಿಂದೆ ಚೆಂದಾಗಿ ಕುಳಿತಿದ್ದರೂ ಬಿಡಿ ಪದ ಮಾತ್ರ.

ಇಂಥ ಬರಹದ ಒಂದು ಮಹಾಗ್ರಂಥವನ್ನೇ ನೋಡಬೇಕೆನ್ನುವವರು ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿಗೆ ಹೋಗಬೇಕು. ಗಂಗಾವತಿಯಿಂದ ಪಶ್ಚಿಮಕ್ಕೆ ಸುಮಾರು ೧೦ ಕಿಲೋಮೀಟರ್ ದೂರದ ಊರು ಅದು. ವಿದ್ಯಾರ್ಥಿಗಳೊಡನೆ ನಾನು ಅಲ್ಲಿಗೆ ಹೋದದ್ದು ಒಂದು ಚಳಿಗಾಲದ ಬೆಳಗ್ಗೆ. ಊರಾಚೆಯ ಬೆಟ್ಟಸಾಲನ್ನು ಬಂಡೆಗಳ ನಡುವಿನ ಕಾಲುದಾರಿಯಲ್ಲಿ ಏರಬೇಕು. ನಡುನಡುವೆ ಬಂಡೆಯ ಮರೆಗಳಲ್ಲಿ ಹಿಂದಿನವರು ಕೆಂಪು ಬಣ್ಣದಿಂದ ಬರೆದ ಚಿತ್ರಗಳಿವೆ. ಮೇಲೆ ಏರಿ ನಿಂತೊಡನೆ ಹುಡುಗರ ಹರಟೆ ತಾನಾಗಿಯೇ ನಿಂತಿತು. ಎದುರಿಗೊಂದು ಊರು. ಮನೆಗಳೆಲ್ಲ ಕಲ್ಲಿನವು; ನಾಲ್ಕು ಚಪ್ಪಡಿ ಗೋಡೆ, ಮೇಲೊಂದು ಚಪ್ಪಡಿ ಮಾಳಿಗೆ. ಎಷ್ಟೋ ಮನೆಗಳ ಒಂದು ಗೋಡೆಯಲ್ಲಿ ದುಂಡಾದ ಕಿಂಡಿ. ಕೆಲವು ಮೊಣಕಾಲೆತ್ತರದವು, ಕೆಲವು ಆಳನ್ನು ಮೀರಿ ನಿಂತವು. ಕೇರಿಗಳಂತೆ ಗುಂಪುಗುಂಪಾಗಿವೆ. ನಡುವೆ ಒಂದು ಕೆರೆ. ಚಪ್ಪಡಿ ಎಬ್ಬಿಸಿದ ಕಲ್ಲುಗಣಿಯೇ ನೀರು ತುಂಬಿ ಕೆರೆಯಾಯಿತೆಂದು ಬಲ್ಲವರು ಹೇಳುತ್ತಾರೆ. ಒಂದು ಎತ್ತರದ ಬಂಡೆಯ ಮೇಲೆ ನಗಾರಿಯ ಆಕಾರದ ಗುಂಡೊಂದು ಕೂತಿದೆ. ಬಡಿದರೆ ಅದರ ದನಿ ಒಂದು ಕಿಲೋಮೀಟರ್ ದೂರಕ್ಕೂ ಕೇಳುತ್ತದಂತೆ. ಬಗೆಬಗೆಯ ಗೋರಿಗಳು ಇಲ್ಲಿ ಒಟ್ಟು ಸುಮಾರು ೪೦೦ ಇವೆ. ಕ್ರಿಸ್ತಪೂರ್ವ ೮೦೦ರಿಂದ ೨೦೦ರವರೆಗಿನ ಕಾಲದವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಆರು ಶತಮಾನಗಳ ಕಾಲ ಜನ ಸತ್ತವರನ್ನು ನೆನೆಯಲು ಈ ಬೆಟ್ಟ ಹತ್ತಿದರೆಂದಾಯಿತು.

ನಮ್ಮ ದಾರಿ ತೋರಿಸಲು ಬಂದಿದ್ದ ಮುದುಕನನ್ನು, “ಇದಕ್ಕೇನಂತೀರಿ ಯಜಮಾನರೆ?” ಎಂದು ಕೇಳಿದೆ. “ಮೊರೇರ ಗುಡ್ಡ” ಎಂದ. ಅಜ್ಜಿಯ ಮಾತು ಇಪ್ಪತ್ತೈದು ವರ್ಷಗಳ ಮೇಲೆ ಮತ್ತೊಬ್ಬರ ಬಾಯಲ್ಲಿ ಬಂದಾಗ ಮೈ ಜುಮ್ಮೆಂದಿತು. ಈ ಹೆಸರು ಮೌರ್ಯರ ನೆನಪೆಂದು ಕೆಲವರು ಊಹಿಸುತ್ತಾರೆ. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳಿರುವುದರಿಂದ ಊಹೆಗೆ ಆಸರೆಯೂ ಉಂಟು. ಆದರೆ ಹಳ್ಳಿಯವರ ಮೊರೇರು ಚಕ್ರವರ್ತಿಗಳಲ್ಲ, ಕುಳ್ಳರು. ಆಳೆತ್ತರದ ಮನುಷ್ಯ ನುಸುಳಲಾಗದ ಕಿಂಡಿಯನ್ನು ಕಂಡು, ಇದರಲ್ಲಿ ಇದ್ದವರು ಗಿಡ್ಡರೇ ಇರಬೇಕೆಂದು ನಮ್ಮ ಜನ ತರ್ಕಿಸಿದರು. ಇಂಥ ಚಪ್ಪಡಿ ಎತ್ತಿದವರು ಬಲಶಾಲಿಗಳೇ ಇರಬೇಕೆಂದೂ ತರ್ಕಿಸಿದರು. ಕಂಡದ್ದನ್ನು ಬಿಟ್ಟು ಹೇಳಿದ ಕಥೆಯಲ್ಲ ಇದು. ಮನೆಯೆಂದರು, ಗೋರಿಯೆನ್ನಲಿಲ್ಲ, ತಪ್ಪಾದದ್ದು ಅಷ್ಟೆ. ಆ ತಪ್ಪಿನಲ್ಲೂ ಒಂದು ನಿಜವುಂಟು. ಕಟ್ಟಿದವರ ಮನಸ್ಸಿನಲ್ಲಿ ಅದು ಸತ್ತವರ ಮನೆಯೇ ಆಗಿದ್ದಿರಬೇಕು.

ಓದುಬರಹದ ಲೋಕಕ್ಕೆ ಈ ಗೋರಿಗಳನ್ನು ಮೊದಲು ಪರಿಚಯಿಸಿದವನು ಫಿಲಿಪ್ ಮೆಡೋಸ್ ಟೇಲರ್. ಠಗ್ಗರ ಕಥೆ ಬರೆದು ೧೮೩೯ರಲ್ಲಿ ಇಂಗ್ಲೆಂಡಿನಲ್ಲಿ ಹೆಸರು ಮಾಡಿದವನು ಇವನೇ. ಸುರಪುರದ ಆಡಳಿತ ನೋಡಿಕೊಳ್ಳಲು ಬಂದವನು ಬಿಡುವು ಸಿಕ್ಕಾಗಲೆಲ್ಲ ಸುತ್ತಲಿನ ಕಲ್ಮನೆಗಳನ್ನೂ ಕಲ್ಲುಗುಪ್ಪೆಗಳನ್ನೂ ಅಳೆದು ಚಿತ್ರಿಸಿದ. ರಾಜನಕೋಳೂರಿನ ಕಲ್ಮನೆಗಳನ್ನು ಕಂಡ. ಭೀಮಾ ನದಿಯ ಹತ್ತಿರ ಜೇವರ್ಗಿಯ ಗುಪ್ಪೆಗಳನ್ನು ಅಗೆಸಿದ. ನಿಧಿಗಾಗಿ ಅಗೆಯುವವನಿಗೂ ತಿಳಿವಿಗಾಗಿ ಅಗೆಯುವವನಿಗೂ ಇರುವ ಭೇದವನ್ನು ಆ ಕಾಲಕ್ಕೇ ಬಲ್ಲವನಾಗಿದ್ದ. ಗುಪ್ಪೆಯನ್ನು ಸೀಳಿದಂತೆ ಅಗೆದು, ಯಾವ ಪದರದಲ್ಲಿ ಏನು ಸಿಕ್ಕಿತೆಂದು ನಕ್ಷೆ ಬರೆದಿಟ್ಟ. ಮೇಲೆ ಕಲ್ಲಿನ ರಾಶಿ, ಅದರಡಿ ಮಣ್ಣು, ಅದರಡಿ ಚಪ್ಪಡಿಯ ಪೆಟ್ಟಿಗೆ, ಅದರೊಳಗೆ ಎಲುಬು ಮತ್ತು ಮಡಕೆ. ತನ್ನ ಸೀಮೆಯ ಗೋರಿದಿಬ್ಬಗಳಿಗೂ ಇವಕ್ಕೂ ಇರುವ ಹೋಲಿಕೆಯನ್ನು ಕಂಡು ಬೆರಗಾಗಿ, ಎರಡನ್ನೂ ಕಟ್ಟಿದವರು ಒಂದೇ ಕುಲದವರಿರಬಹುದೆ ಎಂದು ಕೇಳಿದ. ಆ ಊಹೆ ನಿಲ್ಲಲಿಲ್ಲ. ಯೂರೋಪಿನ ದಿಬ್ಬಗಳು ನಮ್ಮವಕ್ಕಿಂತ ಎಷ್ಟೋ ಹಳೆಯವು. ಊಹೆ ಬಿದ್ದರೂ ಅವನು ಬರೆದಿಟ್ಟ ನಕ್ಷೆಗಳು ನಿಂತಿವೆ.

ಟೇಲರನ ನೆಪದಲ್ಲಿ ಅವನ ಸೀಮೆಯ ದಿಬ್ಬವೊಂದರ ಕಥೆಯನ್ನೂ ಇಲ್ಲಿ ಹೇಳಬೇಕು. ಐರ್ಲೆಂಡಿನಲ್ಲಿ ನ್ಯೂಗ್ರೇಂಜ್ ಎಂಬೊಂದು ದೊಡ್ಡ ಗೋರಿದಿಬ್ಬವಿದೆ. ಕ್ರಿಸ್ತಪೂರ್ವ ೩೨೦೦ರ ಸುಮಾರಿನದು. ೧೬೯೯ರಲ್ಲಿ ಆ ಜಮೀನಿನ ಒಡೆಯನಿಗೆ ರಸ್ತೆಗೆ ಕಲ್ಲು ಬೇಕಾಯಿತು. ಆಳುಗಳು ದಿಬ್ಬದ ಕಲ್ಲು ಕೀಳುತ್ತಿದ್ದಾಗ ಒಳಗೆ ಹೋಗುವ ಓಣಿಯೊಂದರ ಬಾಯಿ ಕಾಣಿಸಿತು. ನಮ್ಮ ದೊಡ್ಡಪ್ಪನ ಬದುವಿನ ಕಥೆಯೇ! ಆದರೆ ಅಲ್ಲಿ ಯಾರೋ ಕುತೂಹಲಿಗಳು ಬಂದು ನೋಡಿದರು, ಬರೆದರು, ದಿಬ್ಬ ಉಳಿಯಿತು. ೧೯೬೭ರಲ್ಲಿ ಓಕೆಲ್ಲಿ ಎಂಬ ವಿದ್ವಾಂಸರು ವರ್ಷದ ಅತಿ ಗಿಡ್ಡ ಹಗಲಿನ ದಿನ ಸೂರ್ಯೋದಯಕ್ಕೆ ಮುಂಚೆ ಅದರೊಳಗೆ ಹೋಗಿ ಕಾದರು. ಮೂಡಿದ ಸೂರ್ಯನ ಕಿರಣ ಬಾಗಿಲ ಮೇಲಿನ ಕಿಂಡಿಯಿಂದ ತೂರಿ ಓಣಿಯುದ್ದಕ್ಕೂ ಹರಿದು ಒಳಕೋಣೆಯನ್ನು ಬೆಳಗಿತು. ಐದು ಸಾವಿರ ವರ್ಷಗಳ ಹಿಂದೆ ಸತ್ತವರಿಗಾಗಿ ಮಾಡಿಟ್ಟ ಏರ್ಪಾಡು ಅದು. ರಸ್ತೆಗೆ ಕಲ್ಲು ಸಾಗಿಸುವ ಕೆಲಸ ಮುಂದುವರಿದಿದ್ದರೆ ಆ ಬೆಳಕಿಗೆ ಹಾಯಲು ಓಣಿಯೇ ಇರುತ್ತಿರಲಿಲ್ಲ.

೧೮೮೨ರಲ್ಲಿ ಬ್ರಿಟಿಷರು ತಮ್ಮ ದ್ವೀಪಗಳ ಪ್ರಾಚೀನ ಸ್ಮಾರಕಗಳ ರಕ್ಷಣೆಗೆ ಮೊದಲ ಕಾಯಿದೆ ಮಾಡಿದರು. ಸರ್ ಜಾನ್ ಲಬಕ್ ಎಂಬ ಮಹನೀಯರು ವರ್ಷಗಟ್ಟಲೆ ಹೋರಾಡಿದ್ದರ ಫಲ ಅದು. ಅದರ ಮೊದಲ ಪಟ್ಟಿಯಲ್ಲಿದ್ದ ೬೮ ಸ್ಮಾರಕಗಳಲ್ಲಿ ಬಹುಪಾಲು ಅರಮನೆಗಳಲ್ಲ, ಇಗರ್ಜಿಗಳಲ್ಲ. ಗೋರಿದಿಬ್ಬಗಳು, ಕಲ್ಲಿನ ವೃತ್ತಗಳು. ನ್ಯೂಗ್ರೇಂಜೂ ಅದರಲ್ಲಿತ್ತು. ನಮ್ಮ ದೇಶಕ್ಕೆ ಇಂಥ ಕಾಯಿದೆ ಬಂದದ್ದು ೧೯೦೪ರಲ್ಲಿ, ಕರ್ಜನ್ ಸಾಹೇಬನ ಕಾಲದಲ್ಲಿ. ಸ್ವಾತಂತ್ರ್ಯದ ಮೇಲೆ ೧೯೫೮ರ ಕಾಯಿದೆ ಬಂತು. ನಮ್ಮ ರಾಜ್ಯದ್ದೇ ಆದ ಕಾಯಿದೆ ೧೯೬೧ರದು. ಸ್ಮಾರಕವೆಂದರೆ ಏನು ಎಂದು ೧೯೦೪ರ ಮತ್ತು ೧೯೫೮ರ ಕಾಯಿದೆಗಳು ವಿವರಿಸುವಾಗ, ಕಟ್ಟಡ, ಗುಹೆ, ಶಾಸನಗಳ ಜೊತೆಗೆ ಗೋರಿದಿಬ್ಬವನ್ನೂ ಸತ್ತವರನ್ನು ಹೂಳಿದ ಎಡೆಯನ್ನೂ ಹೆಸರಿಸಿಯೇ ಹೇಳಿವೆ. ಕಾಯಿದೆಯ ಕಣ್ಣಿಗೆ ಗುಪ್ಪೆ ಕಂಡಿದೆ. ಕಾಣದಿರುವುದು ನಮ್ಮ ಕಣ್ಣಿಗೆ. ಸ್ಮಾರಕವೆಂದೊಡನೆ ನಮಗೆ ನೆನಪಾಗುವುದು ಬೇಲೂರಿನ ಮದನಿಕೆ, ಹಂಪೆಯ ಕಲ್ಲಿನ ತೇರು. ಚೆಲುವಿದ್ದರೆ ಕಾಪಾಡುತ್ತೇವೆ, ದೇವರಿದ್ದರೆ ಕೈ ಮುಗಿಯುತ್ತೇವೆ. ಎರಡೂ ಇಲ್ಲದ ಕಲ್ಲಿನ ರಾಶಿಯನ್ನು ಗಾಡಿಗೆ ಹೇರುತ್ತೇವೆ.

ಆ ರಾಶಿಯಿಂದ ಏನು ತಿಳಿಯುತ್ತದೆ ಎಂಬುದಕ್ಕೆ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯೇ ಸಾಕ್ಷಿ. ಮೊಳಕಾಲ್ಮೂರು ತಾಲ್ಲೂಕಿನ ಈ ಗುಡ್ಡದ ಬಳಿ ೧೮೯೨ರಲ್ಲಿ ಬಿ. ಎಲ್. ರೈಸ್ ಅವರು ಅಶೋಕನ ಶಾಸನವನ್ನು ಕಂಡರು. ೧೯೪೭ರಲ್ಲಿ ಕೇಂದ್ರ ಪುರಾತತ್ತ್ವ ಇಲಾಖೆಯ ಮುಖ್ಯಾಧಿಕಾರಿ ಮಾರ್ಟಿಮರ್ ವೀಲರ್ ಅಲ್ಲಿ ಅಗೆತ ನಡೆಸಿ, ಊರಿನ ನೆಲೆಯ ಜೊತೆಗೆ ಹತ್ತು ಗೋರಿಗಳನ್ನು ತೆರೆದರು. ಚಪ್ಪಡಿಯ ಪೆಟ್ಟಿಗೆಗಳ ನಾಲ್ಕು ಗೋಡೆಗಳನ್ನು ಒಂದರ ಅಂಚು ಇನ್ನೊಂದನ್ನು ದಾಟುವಂತೆ ಸ್ವಸ್ತಿಕದ ರೀತಿಯಲ್ಲಿ ನಿಲ್ಲಿಸಿದ್ದರು. ಹೊರಗಿನ ಮಣ್ಣು ಎಷ್ಟು ಒತ್ತಿದರೂ ಗೋಡೆ ಒಳಕ್ಕೆ ಬೀಳದು. ಕಿಂಡಿ ಮೂಡಣ ಗೋಡೆಯಲ್ಲಿ. ಒಳಗೆ ಒಬ್ಬರದಲ್ಲ, ಹಲವರ ಎಲುಬುಗಳು, ಅದೂ ಇಡಿಯಾಗಿ ಅಲ್ಲ. ದೇಹವನ್ನು ಮೊದಲು ಬೇರೆಡೆ ಇರಿಸಿ, ಕಾಲ ಕಳೆದ ಮೇಲೆ ಎಲುಬುಗಳನ್ನು ಆಯ್ದು ತಂದು ಇಲ್ಲಿ ಸೇರಿಸುತ್ತಿದ್ದರೆಂದು ಇದರಿಂದ ತಿಳಿಯಿತು. ಒಂದು ಸಾವಿಗೆ ಎರಡು ಬೀಳ್ಕೊಡುಗೆ! ಜೊತೆಯಲ್ಲಿ ಮಡಕೆ, ಮಣಿ, ಕಬ್ಬಿಣದ ಆಯುಧ. ಆ ಮಡಕೆಯನ್ನು ಬೋರಲು ಹಾಕಿ ಸುಡುತ್ತಿದ್ದರೆಂದು ಹೇಳುತ್ತಾರೆ. ಗಾಳಿಯಾಡದ ಒಳಮೈ ಹೊಗೆಯಲ್ಲಿ ಕಪ್ಪಾಗುತ್ತಿತ್ತು, ಗಾಳಿ ತಾಗಿದ ಹೊರಮೈ ಕೆಂಪಾಗುತ್ತಿತ್ತು. ನಾನು ಹುಡುಗನಾಗಿದ್ದಾಗ ಬದುವಿನ ಮೇಲೆ ಬಿಡಿಸಲಾರದೆ ಬಿಟ್ಟ ಒಗಟು ಇದೇ.

ಈ ಗೋರಿಗಳಿಗೆ ವೀಲರ್ ಕಟ್ಟಿದ ಕಾಲ ಕ್ರಿಸ್ತಪೂರ್ವ ೨೦೦ರ ಸುಮಾರಿನಿಂದ ಕ್ರಿಸ್ತಶಕದ ಮೊದಲ ಶತಮಾನದ ನಡುವಿನವರೆಗೆ. ಹತ್ತಿರದ ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯ ಸಿಕ್ಕಿತ್ತು. ಅದನ್ನು ಹಿಡಿದು ಹಿಂದಕ್ಕೆ ಎಣಿಸಿದರು. ಅಂದಿಗೆ ಅದೇ ಒಳ್ಳೆಯ ಲೆಕ್ಕ. ಆದರೆ ಅಗೆತ ಮುಗಿದು ಎರಡೇ ವರ್ಷಕ್ಕೆ, ೧೯೪೯ರಲ್ಲಿ, ಅಮೆರಿಕದ ಲಿಬ್ಬಿ ಎಂಬ ರಸಾಯನಶಾಸ್ತ್ರಜ್ಞ ಇದ್ದಲಿನ ಚೂರಿನಿಂದ ಕಾಲವನ್ನು ಅಳೆಯುವ ಇಂಗಾಲದ ವಿಧಾನವನ್ನು ಲೋಕಕ್ಕೆ ಕೊಟ್ಟರು. ೧೯೬೫ರಲ್ಲಿ ಡಾ. ಎಂ. ಎಸ್. ನಾಗರಾಜರಾವ್ ಅವರು ತುಂಗಭದ್ರೆಯ ದಡದ ಹಳ್ಳೂರಿನಲ್ಲಿ ಅಗೆತ ನಡೆಸಿದಾಗ ಕಬ್ಬಿಣ ಸಿಕ್ಕಿದ ಪದರದ ಇದ್ದಲನ್ನು ಹೀಗೆ ಅಳೆದು ನೋಡಿದರು. ಕ್ರಿಸ್ತಪೂರ್ವ ೧೦೦೦ರ ಸುಮಾರು ಎಂದು ಬಂತು. ಕಬ್ಬಿಣ ಬಳಸಿದ ನಮ್ಮ ಹಿರಿಯರ ವಯಸ್ಸು ಹಲವು ಶತಮಾನಗಳಷ್ಟು ಹಿಂದಕ್ಕೆ ಸರಿಯಿತು. ಧಾರವಾಡದ ಡಾ. ಅ. ಸುಂದರ ಅವರು ಊರೂರು ತಿರುಗಿ ಕಲ್ಮನೆಗಳ ಬಗೆಗಳನ್ನು ವಿಂಗಡಿಸಿ ೧೯೭೫ರಲ್ಲಿ ಗ್ರಂಥ ಬರೆದರು. ತಿಳಿವಳಿಕೆ ಹೀಗೆ ಒಬ್ಬರ ಭುಜದ ಮೇಲೆ ಇನ್ನೊಬ್ಬರು ನಿಂತು ಬೆಳೆಯಿತು.

ಗೋರಿಗಳನ್ನು ಏಕೆ ಉಳಿಸಬೇಕೆಂಬ ಪ್ರಶ್ನೆಗೆ ನನಗೆ ಕಾಣುವ ದೊಡ್ಡ ಉತ್ತರ ಇದರಲ್ಲೇ ಇದೆ. ವೀಲರ್ ಅಂಥ ಪಂಡಿತರ ಲೆಕ್ಕವನ್ನೂ ತಿದ್ದಲು ಸಾಧ್ಯವಾದದ್ದು ಅವರು ಎಲ್ಲ ಗೋರಿಗಳನ್ನೂ ತೆರೆಯದೆ ಬಿಟ್ಟದ್ದರಿಂದ, ತೆರೆದವುಗಳ ಪದರ ಪದರವನ್ನೂ ಬರೆದಿಟ್ಟದ್ದರಿಂದ, ಮತ್ತು ಬೇರೆ ನೆಲೆಗಳು ಬದುಕಿದ್ದದ್ದರಿಂದ. ನಾಳೆಯ ವಿದ್ವಾಂಸ ಯಾವ ಹೊಸ ಕಣ್ಣು ಹೊತ್ತು ಬರುತ್ತಾನೋ ನಾವರಿಯೆವು. ಒಂದು ಚೂರು ಎಲುಬಿನಿಂದ ಬಂಧುತ್ವವನ್ನು ಹೇಳುವ, ಮಡಕೆಯ ಮಣ್ಣಿನಿಂದಲೇ ಅದು ಬೆಂದ ಕಾಲವನ್ನು ಹೇಳುವ ವಿದ್ಯೆಗಳು ಈಗಾಗಲೇ ಬಂದಿವೆ. ಇವರು ಏನು ಉಣ್ಣುತ್ತಿದ್ದರು, ಯಾವ ನುಡಿಯಾಡುತ್ತಿದ್ದರು ಎಂಬಂಥ ಪ್ರಶ್ನೆಗಳು ಇನ್ನೂ ಕಾದಿವೆ. ಗುಪ್ಪೆ ಕರಗಿ ಬದುವಾದ ಮೇಲೆ ಆ ಪ್ರಶ್ನೆಗಳನ್ನು ಕೇಳುವುದು ಯಾರನ್ನು?

ಕರಗುವುದಂತೂ ನಿತ್ಯ ನಡೆದಿದೆ. ದಕ್ಷಿಣ ಭಾರತದಲ್ಲಿ ಇಂಥ ನೆಲೆಗಳು ಎರಡು ಸಾವಿರದಷ್ಟಿವೆಯೆಂದು ಲೆಕ್ಕ ಹಾಕಿದ್ದಾರೆ. ದೇಶಕ್ಕೆಲ್ಲ ಸೇರಿ, ಎಲ್ಲ ಕಾಲದ ಎಲ್ಲ ಬಗೆಯ ಸ್ಮಾರಕಗಳಲ್ಲಿ ಕೇಂದ್ರ ಸರ್ಕಾರದ ರಕ್ಷಣೆಯಲ್ಲಿರುವವು ೩,೬೦೦ಕ್ಕೆ ತುಸು ಮೇಲೆ. ಹಿರೇಬೆಣಕಲ್ ಈ ರಕ್ಷಣೆಯನ್ನು ಪಡೆದಿದೆ. ೨೦೨೧ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಸಂಭಾವ್ಯ ಪಟ್ಟಿಗೂ ಸೇರಿತು. ಸಂತೋಷದ ಮಾತು. ಆದರೂ ಅಲ್ಲಿ ಮಾಳಿಗೆ ಜಾರಿದ, ಗೋಡೆ ಬಿದ್ದ ಮನೆಗಳನ್ನು ಕಂಡೆ. ಕೆಲವು ಕಾಲ ಕೆಡವಿದವು, ಕೆಲವು ನಿಧಿಯಾಸೆ ಕೆಡವಿದವು. ಸತ್ತವನ ಜೊತೆಗಿಟ್ಟ ಅನ್ನದ ಮಡಕೆಯಲ್ಲಿ ಹೊನ್ನು ಹುಡುಕುವ ಭ್ರಮೆಗೆ ಮದ್ದಿಲ್ಲ. ಬಳ್ಳಾರಿಯ ಬಳಿ ಸಂಗನಕಲ್ಲು–ಕುಪ್ಪಗಲ್ಲುಗಳ ಬೆಟ್ಟಗಳಲ್ಲಿ ನೂತನ ಶಿಲಾಯುಗದವರ ಬಂಡೆಗೀರು ಚಿತ್ರಗಳೂ ಬಡಿದರೆ ನಾದ ಹೊಮ್ಮುವ ಕಲ್ಲುಗಳೂ ಇವೆ. ಅಲ್ಲಿಯೂ ಕಲ್ಲುಗಣಿಯ ಸಿಡಿಮದ್ದು ಬೆಟ್ಟವನ್ನು ತಿಂದಿದೆ. ಬೆಟ್ಟದ ಮೇಲಿನ ಕಲ್ಮನೆಗಾದರೂ ನೋಡಲು ಬರುವವರುಂಟು. ಹೊಲದ ನಡುವಿನ ಬಡ ಗುಪ್ಪೆಗೆ ಯಾರುಂಟು? ಹಿಂದೆ ಅದಕ್ಕೆ ನಮ್ಮಜ್ಜಿಯಂಥವರಿದ್ದರು. ಅವರ ಭಯವೇ ಬೇಲಿಯಾಗಿತ್ತು. ಓದು ಬಂತು, ಭಯ ಹೋಯಿತು. ಭಯ ಹೋದ ಜಾಗಕ್ಕೆ ತಿಳಿವಳಿಕೆ ಬರುವ ಮುನ್ನವೇ ಟ್ರ್ಯಾಕ್ಟರು ಬಂತು.

ಇದು ಪರರ ಮೇಲೆ ಹೊರಿಸುವ ದೂರಲ್ಲ. ನಮ್ಮ ಹೊಲದ ಎರಡನೆಯ ಗುಪ್ಪೆ ನಾನು ಪಟ್ಟಣದಲ್ಲಿ ಪಾಠ ಹೇಳುತ್ತಿದ್ದಾಗಲೇ ಮಾಯವಾಯಿತು. ಹೋದ ವರ್ಷ ದೀಪಾವಳಿಗೆ ಊರಿಗೆ ಹೋದಾಗ ದೊಡ್ಡಪ್ಪನ ಮಗ, ಈಗ ಹೊಲ ನೋಡಿಕೊಳ್ಳುವವನು, ಮೂರನೆಯದನ್ನೂ ಜೆಸಿಬಿ ತರಿಸಿ ಸಮ ಮಾಡಿಸುವುದಾಗಿ ಹೇಳಿದ. ನಾನು ಹಿರೇಬೆಣಕಲ್ಲಿನಿಂದ ಹಿಡಿದು ಅಶೋಕನವರೆಗೆ ಎಲ್ಲವನ್ನೂ ಹೇಳಿದೆ. ತಾಳ್ಮೆಯಿಂದ ಕೇಳಿದ. ಕಡೆಗೆ ಅಂದ: “ಅಣ್ಣಾ, ನೀ ಹೇಳೂದು ಬರೋಬ್ಬರಿ ಐತಿ. ಆದ್ರ ಸತ್ತು ಸಾವಿರಾರು ವರ್ಷ ಆದವ್ರಿಗೆ ಎರಡು ಗುಂಟೆ ಬಿಟ್ಟು, ಇದ್ದವ್ರು ನಾವು ಎಲ್ಲಿ ಬಿತ್ತೂನು? ಅದೂ ಅಲ್ದ, ಸರ್ಕಾರದವ್ರಿಗೆ ಗೊತ್ತಾದ್ರ ಇಡೀ ಹೊಲಾನ ಹಿಡೀತಾರಂತ ಎಲ್ಲಾರೂ ಅಂತಾರ.”

ಈ ಮಾತನ್ನು ಹಗುರವಾಗಿ ತಳ್ಳಿಹಾಕುವ ಹಕ್ಕು ಸಂಬಳದಿಂದ ಬದುಕುವ ನನಗಿಲ್ಲ. ಮಳೆ ನಂಬಿದ ನಾಲ್ಕೆಕರೆಯಲ್ಲಿ ಎರಡು ಗುಂಟೆಯೂ ಲೆಕ್ಕವೇ. ಪರಂಪರೆ ಎಲ್ಲರದು, ನಷ್ಟ ಮಾತ್ರ ಒಬ್ಬನದು ಎಂದರೆ ನ್ಯಾಯವಾಗುವುದಿಲ್ಲ. ಆದರೆ ಅವನ ಎರಡನೆಯ ಭಯಕ್ಕೆ ನನ್ನಲ್ಲಿ ಉತ್ತರವಿತ್ತು. “ತಮ್ಮಾ, ನಿನ್ನ ನೇಗಿಲು ಎಷ್ಟು ಆಳ ಹೋಗ್ತದ?” ಎಂದು ಕೇಳಿದೆ. “ಗೇಣು. ಹೆಚ್ಚಂದ್ರ ಗೇಣಿನ ಮ್ಯಾಲೆ ನಾಕು ಬಟ್ಟು” ಅಂದ. ಅದು ಸರಿಯಾಗಿ ಒಂದು ಅಡಿ. ೧೯೫೮ರ ಕಾಯಿದೆ ಹೇಳುವುದೂ ಅದನ್ನೇ. ರಕ್ಷಿತ ಪ್ರದೇಶದಲ್ಲಿ ಮನೆ ಕಟ್ಟುವಂತಿಲ್ಲ, ಕಲ್ಲುಗಣಿ ಮಾಡುವಂತಿಲ್ಲ, ಸಿಡಿಮದ್ದು ಇಡುವಂತಿಲ್ಲ. ಆದರೆ ಒಂದು ಅಡಿಗಿಂತ ಆಳಕ್ಕೆ ಅಗೆಯದ ಬೇಸಾಯಕ್ಕೆ ಅಡ್ಡಿಯಿಲ್ಲ. ಕಾಯಿದೆ ಬರೆದವರು ಉಳುವವನನ್ನು ಮರೆತಿರಲಿಲ್ಲ. ೨೦೧೦ರ ತಿದ್ದುಪಡಿ ಸ್ಮಾರಕದ ಸುತ್ತ ೧೦೦ ಮೀಟರಿನೊಳಗೆ ಹೊಸ ಕಟ್ಟಡವನ್ನು ನಿಷೇಧಿಸಿ, ಅದರಾಚೆಯ ೨೦೦ ಮೀಟರಿನಲ್ಲಿ ಅನುಮತಿ ಬೇಕೆಂದಿತು. ಅದು ಕಟ್ಟುವವರ ಮಾತು, ಬಿತ್ತುವವರದಲ್ಲ. ಈ ಒಂದು ಅಡಿಯ ಮಾತು ಹಳ್ಳಿಗೆ ತಲುಪಿಲ್ಲ. ಹೊಲ ಹೋಗುತ್ತದೆಂಬ ಗಾಳಿಮಾತು ಮಾತ್ರ ತಲುಪಿದೆ. ಆ ಗಾಳಿಮಾತಿಗೆ ಹೆದರಿ, ಯಾರಿಗೂ ತಿಳಿಯುವ ಮುನ್ನ ಎಷ್ಟು ಗುಪ್ಪೆಗಳು ರಾತ್ರೋರಾತ್ರಿ ಸಮವಾದುವೋ!

ಎಲ್ಲ ಗುಪ್ಪೆಗೂ ಕಾವಲುಗಾರನನ್ನು ಇಡಲು ಯಾವ ಸರ್ಕಾರದಿಂದಲೂ ಆಗದು. ಆಗಬೇಕೆಂದು ಕೇಳುವುದೂ ತರವಲ್ಲ. ಆಗಬಹುದಾದದ್ದು ಬೇರೆ ಇದೆ. ಪ್ರತಿಯೊಂದು ಊರಿನ ಗುಪ್ಪೆ, ಕಲ್ಮನೆ, ಕಲ್ಲಿನ ಬಳೆಗಳನ್ನು ಎಣಿಸಿ, ಯಾವ ಸರ್ವೆ ನಂಬರಿನಲ್ಲಿ ಎಷ್ಟಿವೆಯೆಂದು ಬರೆದು, ಪಂಚಾಯಿತಿಯ ಗೋಡೆಯ ಮೇಲೆ ಹಾಕಬೇಕು. ಊರ ಶಾಲೆಯ ಮಕ್ಕಳಿಗೆ ಹಂಪೆಗೆ ಮುಂಚೆ ತಮ್ಮೂರಿನ ಗುಪ್ಪೆಯನ್ನು ತೋರಿಸಬೇಕು. ಗುಪ್ಪೆಯನ್ನು ಉಳಿಸಿಕೊಂಡ ರೈತನಿಗೆ ಆ ಎರಡು ಗುಂಟೆಯ ಬೆಳೆಯಷ್ಟನ್ನಾದರೂ ವರ್ಷವರ್ಷ ಕೊಡುವ ಏರ್ಪಾಡು ಆದರೆ ಇನ್ನೂ ಒಳ್ಳೆಯದು. ಸಂವಿಧಾನಕ್ಕೆ ೧೯೭೬ರಲ್ಲಿ ಸೇರಿದ ಮೂಲಭೂತ ಕರ್ತವ್ಯಗಳಲ್ಲಿ, ನಮ್ಮ ಸಂಸ್ಕೃತಿಯ ಪರಂಪರೆಯನ್ನು ಬೆಲೆಯರಿತು ಕಾಪಾಡುವುದು ಪ್ರತಿಯೊಬ್ಬ ನಾಗರಿಕನ ಹೊಣೆ ಎಂದಿದೆ. ಪಟ್ಟಣದವರಾದ ನಮಗೂ ಆ ಹೊಣೆಯಲ್ಲಿ ಪಾಲುಂಟು. ನಮ್ಮಲ್ಲಿ ಎಷ್ಟೋ ಮಂದಿಗೆ ಊರಲ್ಲೊಂದು ಹೊಲವಿದೆ. ಆ ಹೊಲದ ಮೂಲೆಯಲ್ಲಿ ಏನಿದೆಯೆಂದು ಕೇಳಿದರೆ ಹೇಳಲಾರೆವು.

ನಾನು ಮಾಡಿದ್ದು ಇಷ್ಟೆ. ನಾಲ್ವರು ವಿದ್ಯಾರ್ಥಿಗಳೊಡನೆ ನಮ್ಮೂರ ಸುತ್ತ ಎರಡು ದಿನ ನಡೆದು, ಕಂಡ ಗುಪ್ಪೆಗಳನ್ನು ಅಳೆದು, ಚಿತ್ರ ತೆಗೆದು, ಪಟ್ಟಿ ಮಾಡಿ ಪುರಾತತ್ತ್ವ ಇಲಾಖೆಗೆ ಕಳುಹಿಸಿದೆ. ಅದರಲ್ಲಿ ನಮ್ಮ ಹೊಲದ್ದೂ ಒಂದು. ಆ ಸಾಲಿನ ಮುಂದೆ, ಹಿಂದೆ ಇಲ್ಲಿ ಮೂರು ಇದ್ದುವು, ಎಂದು ಬರೆಯುವಾಗ ಕೈ ಒಂದು ಗಳಿಗೆ ತಡೆಯಿತು.

ತಮ್ಮ ಜೆಸಿಬಿಯನ್ನು ಈ ವರ್ಷ ತರಿಸಲಿಲ್ಲ. ಮುಂದಿನ ವರ್ಷದ ಮಾತನ್ನು ಆಡಲೂ ಇಲ್ಲ. ಎಳ್ಳಮಾಸಿಗೆ ನಾನು ಮಕ್ಕಳನ್ನು ಕರೆದುಕೊಂಡು ಊರಿಗೆ ಹೋಗಿದ್ದೆ. ಚರಗ ಚೆಲ್ಲುವಾಗ ಅವನು ಬದುಗುಂಟ ನಡೆಯುತ್ತ ಗುಪ್ಪೆಯ ಹತ್ತಿರ ಬಂದು ನಿಂತ. ನನ್ನ ಕಡೆ ಒಮ್ಮೆ ನೋಡಿ, ಒಂದು ಹಿಡಿ ತುಂಬ ತೆಗೆದು ಆ ಕಲ್ಲುಗಳ ಮೇಲೂ ಚೆಲ್ಲಿದ. ಮಗಳು, “ಅಪ್ಪಾ, ಅಲ್ಲಿ ಯಾರಿದಾರೆ?” ಎಂದು ಕೇಳಿದಳು. ಇದೇ ಹೊಲದಲ್ಲಿ ನಮಗಿಂತ ಮೊದಲು ಬಿತ್ತಿದವರು ಎಂದು ಹೇಳಿದೆ.